ಲಾರಿಯವರ ಮೇಲೆ ‘ಚಾರ್ಜ್’ ಮಾಡಿದ್ದು ದುಡ್ಡೋ, ಕಳ್ಳತನವೋ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಈಗ ಗಿಣಿಗೇರಾ ಕಡೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಮತ್ತು ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಹೋದ ತಿಂಗಳು ಒಂದು ಲಾರಿ ಕಲ್ಲಿದ್ದಲಿನಲ್ಲಿ ತೂಕ ಕಡಿಮೆ ಬಂತು. ನಮ್ಮಲ್ಲಿ ಅಷ್ಟು ದುಡ್ಡನ್ನು ಲಾರಿ ಬಾಡಿಗೆಯಲ್ಲಿ ಮುರಿದುಕೊಳ್ಳುವ ಪದ್ಧತಿ ಇದೆ. ಅದನ್ನು ತಿಳಿಸಲು ಟ್ರಾನ್ಸ್‌ಪೋರ್ಟ್ ಆಫೀಸಿಗೆ ‘ವಿ ಹ್ಯಾವ್ ಚಾರ್ಜ್ಡ್ ಯು ವಿತ್ ಶಾರ್ಟೇಜ್ ಆಫ್ ಕೋಲ್’ ಎಂದು ಮೇಲ್ ಹಾಕಿದೆ. ಅರ್ಧ ಗಂಟೆಯಲ್ಲಿ ಅವರ ಮಾಲೀಕರ ಫೋನ್. ‘ನಮ್ಮನ್ನ ಕಳ್ಳರು ಅಂತೀರೇನ್ರೀ?’ ಎಂದು ಕೂಗಾಡಿದರು. ನಮ್ಮ ಮ್ಯಾನೇಜರ್ ಬೇರೆ ರಾಜ್ಯದವರು. ಅವರೂ ಮೇಲ್ ಓದಿ, ಇದು ಆರೋಪ ಮಾಡಿದ ಹಾಗಿದೆ ಎಂದರು. ಹಿಂದೆ ಒಂದು ಸಲ ‘ಐ ಆಮ್ ಇನ್ ದ ಚಾರ್ಜ್ ಆಫ್ ಸ್ಟೋರ್ಸ್’ ಎಂದು ಬರೆದಾಗಲೂ ಅವರು ತಿದ್ದಿದ್ದರು.

ಡಿಕ್ಷನರಿ ತೆರೆದರೆ ಈ ಒಂದು ಪದಕ್ಕೇ ಪುಟದ ತುಂಬ ಅರ್ಥ ಇವೆ. ಎಲ್ಲವನ್ನೂ ಬಾಯಿಪಾಠ ಮಾಡಬೇಕೇ? ನಾವು ದಿನಾ ಆಡುವ ‘ಚಾರ್ಜ್’ ಎಲ್ಲ ತಪ್ಪು ಇಂಗ್ಲಿಷೇ? ಕನ್ನಡ ಮಾಧ್ಯಮದಲ್ಲಿ ಓದಿದ್ದೇ ಇದಕ್ಕೆ ಕಾರಣವೇ? ಹೊಸಪೇಟೆಯಲ್ಲಿ ಮೂರು ತಿಂಗಳ ಸ್ಪೋಕನ್ ಇಂಗ್ಲಿಷ್ ಕೋರ್ಸಿಗೆ ಸೇರಬೇಕು ಅಂದುಕೊಂಡಿದ್ದೇನೆ. ರೆಸ್ಯೂಮಿನಲ್ಲಿ ‘ಸ್ಟೋರ್ಸ್ ಇನ್‌ಚಾರ್ಜ್’ ಎಂದು ಹಾಕಬಹುದೇ, ಅದನ್ನೂ ಹೇಳಿ.

ಉತ್ತರ: ಮೊದಲು ಆ ಮೇಲ್ ಸರಿ ಮಾಡೋಣ. ಅದು ಇವತ್ತಿನ ಕೆಲಸ, ಪಾಠ ಆಮೇಲೆ. ಟ್ರಾನ್ಸ್‌ಪೋರ್ಟ್‌ನವರಿಗೆ ಇಷ್ಟು ಬರೆಯಿರಿ: ‘ವಿ ಹ್ಯಾವ್ ಡಿಡಕ್ಟೆಡ್ ದ ವ್ಯಾಲ್ಯೂ ಆಫ್ ದ ಶಾರ್ಟೇಜ್ ಫ್ರಮ್ ಯುವರ್ ಫ್ರೇಟ್ ಬಿಲ್.’ ಕಡಿಮೆ ಬಂದ ಮಾಲಿನ ಬೆಲೆಯನ್ನು ನಿಮ್ಮ ಬಾಡಿಗೆ ಬಿಲ್ಲಿನಲ್ಲಿ ಕಳೆದಿದ್ದೇವೆ, ಅಷ್ಟೇ. ಇದರಲ್ಲಿ ‘ಚಾರ್ಜ್’ ಪದವೇ ಇಲ್ಲ ನೋಡಿ. ಜಗಳ ಆಗಿರುವ ಪದವನ್ನು ಎರಡನೇ ಮೇಲಿನಲ್ಲಿ ಮತ್ತೆ ತರಬೇಡಿ. ಕೆಳಗೆ ಲಾರಿ ನಂಬರ್, ತುಂಬಿದ ಕಡೆಯ ತೂಕ, ನಿಮ್ಮ ವೇಬ್ರಿಜ್ ತೂಕ, ವ್ಯತ್ಯಾಸ, ಕಳೆದ ಮೊತ್ತ ಹಾಕಿ. ಹಿಂದಿನ ಇ-ಮೇಲಿನ ಮಾತು ಆರೋಪದ ಹಾಗೆ ಕೇಳಿಸಿತು, ನಮ್ಮ ಉದ್ದೇಶ ಅದಲ್ಲ ಎಂದು ಒಂದು ಸಾಲು ಸೇರಿಸಿ. ಫೋನ್ ಮಾಡಿ ಕನ್ನಡದಲ್ಲೇ ಎರಡು ಮಾತು ಹೇಳಿದರೆ ಇನ್ನೂ ಒಳ್ಳೆಯದು.

ಇನ್ನು ಅವರಿಗೆ ಯಾಕೆ ಸಿಟ್ಟು ಬಂತು ಅನ್ನೋದು. ಇಂಗ್ಲಿಷಿನಲ್ಲಿ ಒಬ್ಬ ಮನುಷ್ಯನನ್ನು ‘ಚಾರ್ಜ್’ ಮಾಡಿ, ಮುಂದೆ ‘ವಿತ್’ ಹಾಕಿ, ಅದರ ಮುಂದೆ ಕೆಟ್ಟದ್ದೇನಾದರೂ ಬಂದರೆ ಅದು ಅಪರಾಧ ಹೊರಿಸುವ ಮಾತು. ‘ಚಾರ್ಜ್ಡ್ ವಿತ್ ಥೆಫ್ಟ್’ ಅಂದರೆ ಕಳ್ಳತನದ ಆರೋಪ ಹೊರಿಸಲಾಗಿದೆ. ‘ಚಾರ್ಜ್ಡ್ ವಿತ್ ಮರ್ಡರ್’ ಅಂದರೆ ಕೊಲೆ ಆರೋಪ. ಪೇಪರಿನಲ್ಲಿ ದಿನಾ ಬರುವ ಸಾಲು. ‘ಚಾರ್ಜ್ಡ್ ವಿತ್ ಶಾರ್ಟೇಜ್ ಆಫ್ ಕೋಲ್’ ಎಂದು ಓದಿದವರಿಗೆ ನೀವು ಕಲ್ಲಿದ್ದಲು ಕದ್ದಿದ್ದೀರಿ ಅಂದ ಹಾಗೇ ಕೇಳುತ್ತದೆ. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ದುಡ್ಡು. ದುಡ್ಡಿನ ಮಾತಿಗೆ ಜೊತೆಯಾಗುವುದು ‘ಫಾರ್’ ಅಥವಾ ‘ಟು’. ಒಂದು ಪುಟ್ಟ ಪದ ಬದಲಾಗಿದ್ದಕ್ಕೆ ಬಿಲ್ಲಿನ ಮಾತು ಪೊಲೀಸ್ ಮಾತಾಯಿತು.

ಬಳ್ಳಾರಿಯಲ್ಲಿ ನನ್ನ ಸಂಜೆ ತರಗತಿಗೆ ಬರುವವರಲ್ಲಿ ಕಾರ್ಖಾನೆ, ಬ್ಯಾಂಕು, ಆಸ್ಪತ್ರೆಗಳಲ್ಲಿ ದುಡಿಯುವವರೇ ಜಾಸ್ತಿ. ‘ಚಾರ್ಜ್’ ಅವರೆಲ್ಲರನ್ನೂ ಒಂದಲ್ಲ ಒಂದು ದಿನ ತಡವರಿಸುವಂತೆ ಮಾಡುತ್ತದೆ. ಕನ್ನಡ ಮಾಧ್ಯಮ ಇದಕ್ಕೆ ಕಾರಣ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ‘ಇನ್ ಚಾರ್ಜ್’, ‘ಇನ್ ದ ಚಾರ್ಜ್’ ಗೊಂದಲ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೂ ಅಷ್ಟೇ ಇದೆ. ಕಾರಣ ಬೇರೆ. ಈ ಪದ ನಮಗೆ ಶಾಲೆಯಿಂದ ಬಂದಿಲ್ಲ, ಬಸ್ಸಿನಿಂದ, ಕಚೇರಿಯಿಂದ, ಮೊಬೈಲ್ ಅಂಗಡಿಯಿಂದ ಬಂದಿದೆ. ಬಂದು ಕನ್ನಡದ ಪದವೇ ಆಗಿದೆ. ಕನ್ನಡದಲ್ಲಿ ಅದು ಒಂಟಿಯಾಗಿ ಓಡಾಡುತ್ತದೆ: ಚಾರ್ಜ್ ಮಾಡಿದರು, ಚಾರ್ಜ್ ಆಯಿತು, ಚಾರ್ಜ್ ತಗೊಂಡರು. ಅರ್ಥ ಯಾವುದು ಅನ್ನೋದು ನಮಗೆ ಸಂದರ್ಭದಿಂದಲೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಜೊತೆಯ ‘ಫಾರ್’, ‘ವಿತ್’, ‘ಆಫ್’, ‘ಆಟ್’ ಕೂಡ ಮಾಡುತ್ತವೆ. ನಾವು ಪದ ತಂದುಕೊಂಡೆವು, ಅದರ ಜೊತೆಗಾರರನ್ನು ಅಲ್ಲೇ ಬಿಟ್ಟು ಬಂದೆವು.

ಈಗ ಅರ್ಥಗಳಿಗೆ ಬರೋಣ. ಬಹಳ ಜನ ‘ಚಾರ್ಜ್’ ಅಂದರೆ ಮೂಲತಃ ದುಡ್ಡು, ಮಿಕ್ಕಿದ್ದೆಲ್ಲ ಆಮೇಲೆ ಸೇರಿಕೊಂಡದ್ದು ಅಂದುಕೊಂಡಿದ್ದಾರೆ. ಹಾಗಲ್ಲ. ಮೂಲ ಅರ್ಥ ಹೊರೆ. ಲ್ಯಾಟಿನ್ನಿನಲ್ಲಿ ‘ಕಾರ್ರುಸ್’ ಅಂದರೆ ಬಂಡಿ. ಬಂಡಿಗೆ ಹೇರು ಹಾಕುವುದಕ್ಕೆ ‘ಕಾರ್ರಿಕಾರೆ’. ಅದು ಹಳೆಯ ಫ್ರೆಂಚಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ‘ಚಾರ್ಜ್’ ಆಗಿ ಬಂತು. ‘ಕಾರ್’, ‘ಕ್ಯಾರಿ’, ‘ಕಾರ್ಗೋ’ ಎಲ್ಲ ಇದೇ ಮನೆಯವು. ನಿಮ್ಮ ಸ್ಟೋರ್ಸಿಗೆ ಬರುವ ಬಿಲ್ಲಿನಲ್ಲಿ ‘ಲೋಡಿಂಗ್ ಚಾರ್ಜಸ್’ ಎಂದು ಇರುತ್ತದಲ್ಲ, ‘ಲೋಡ್’ ಅಂದರೂ ಹೊರೆ, ‘ಚಾರ್ಜ್’ನ ಬೇರಿನಲ್ಲೂ ಹೊರೆ, ಅದರಲ್ಲಿ ಹೊರೆ ಎರಡು ಸಲ ಇದೆ.

ಈ ಹೊರೆ ಅನ್ನುವ ಎಳೆಯನ್ನು ಹಿಡಿದರೆ ಅರ್ಧ ಕಷ್ಟ ಮುಗಿಯಿತು. ಯಾಕೆಂದರೆ ಕನ್ನಡವೂ ಇದೇ ದಾರಿಯಲ್ಲಿ ನಡೆದಿದೆ. ತೆರಿಗೆ *ಹೇರುತ್ತಾರೆ*. ಆರೋಪ *ಹೊರಿಸುತ್ತಾರೆ*. ಹೊಣೆ *ಹೊರುತ್ತಾರೆ*. ಹೆಡ್‌ಮಾಸ್ತರರು ವರ್ಗವಾದರೆ ಹಿರಿಯ ಶಿಕ್ಷಕರೊಬ್ಬರು *ಪ್ರಭಾರ* ವಹಿಸಿಕೊಳ್ಳುತ್ತಾರೆ, ಆ ಪದದೊಳಗೇ ಭಾರ ಕೂತಿದೆ. ದುಡ್ಡು, ದೋಷ, ಜವಾಬ್ದಾರಿ, ಮೂರನ್ನೂ ಒಬ್ಬರ ತಲೆ ಮೇಲೆ ಇಡುವ ಹೊರೆ ಎಂದೇ ನಾವು ಮಾತಾಡುತ್ತೇವೆ. ಇಂಗ್ಲಿಷಿನವರು ಆ ಮೂರಕ್ಕೂ ‘ಚಾರ್ಜ್’ ಅನ್ನುತ್ತಾರೆ. ಪುಟದ ತುಂಬ ಅರ್ಥ ನೋಡಿ ನೀವು ಹೆದರಿದ್ದೀರಿ, ಆದರೆ ಅವುಗಳಲ್ಲಿ ಮುಖ್ಯವಾದವು ನಿಮ್ಮ ನಾಲಗೆಯ ಮೇಲೆ ಮೊದಲೇ ಇವೆ.

ನಮ್ಮ ಕಡೆಯ ರೈತರಿಗೆ ಇನ್ನೊಂದು ಪದ ಚೆನ್ನಾಗಿ ಗೊತ್ತು: ಬೋಜಾ. ಬ್ಯಾಂಕಿನಲ್ಲಿ ಬೆಳೆಸಾಲ ತೆಗೆದರೆ ಪಹಣಿಯಲ್ಲಿ ಬೋಜಾ ಕೂರುತ್ತದೆ. ಸಾಲ ತೀರಿಸಿದ ಮೇಲೆ ಅದನ್ನು ತೆಗೆಸಲು ಓಡಾಡಬೇಕು. ಹಿಂದಿ-ಉರ್ದುವಿನ ‘ಬೋಝ್’ ಅಂದರೂ ಹೊರೆಯೇ. ಬ್ಯಾಂಕಿನ ಇಂಗ್ಲಿಷ್ ಕಾಗದದಲ್ಲಿ ಇದೇ ಸಂಗತಿ ‘ಚಾರ್ಜ್ ಆನ್ ದ ಲ್ಯಾಂಡ್’ ಎಂದು ಬರುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಕಲಮಿನಲ್ಲಿ ‘ಚಾರ್ಜ್’ ಅಂದರೆ ಏನೆಂದು ಹೇಳಿದೆ: ಅಡಮಾನ ಮಾಡದೆಯೇ, ಒಬ್ಬರ ಸ್ಥಿರಾಸ್ತಿಯನ್ನು ಇನ್ನೊಬ್ಬರಿಗೆ ಸಲ್ಲಬೇಕಾದ ಹಣಕ್ಕೆ ಭದ್ರತೆ ಮಾಡುವುದು. ಇಲ್ಲಿ ಅರ್ಥ ತಪ್ಪಿದರೆ ಪೆಟ್ಟು ದೊಡ್ಡದು. ಜಮೀನು ಕೊಳ್ಳುವವರು ‘ದೇರ್ ಈಸ್ ಎ ಚಾರ್ಜ್ ಆನ್ ದ ಲ್ಯಾಂಡ್’ ಅನ್ನುವ ಸಾಲನ್ನು ‘ಏನೋ ಒಂದಿಷ್ಟು ಫೀ ಕಟ್ಟಬೇಕಂತೆ’ ಎಂದು ತಿಳಿದರೆ, ಬೇರೆಯವರ ಸಾಲ ಅಂಟಿಕೊಂಡ ಹೊಲ ಕೈಗೆ ಬರುತ್ತದೆ. ಮನೆಯಲ್ಲಿ ಇಂಥ ಕಾಗದ ಬಂದರೆ ‘ಆನ್’ ಇದೆಯೋ ‘ಫಾರ್’ ಇದೆಯೋ ಮೊದಲು ನೋಡಿ.

ಬೋಜಾ, ಚಾರ್ಜ್ ಎರಡೂ ನಮ್ಮ ಸೀಮೆಯಲ್ಲಿ ಇರೋದಕ್ಕೆ ಇತಿಹಾಸವೂ ಇದೆ. ಬಳ್ಳಾರಿ 1800ರಲ್ಲಿ ನಿಜಾಮರ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಥಾಮಸ್ ಮನ್ರೋ ಇಲ್ಲಿ ಪ್ರಧಾನ ಕಲೆಕ್ಟರ್ ಆಗಿದ್ದರು. ಆಮೇಲೆ ಮದ್ರಾಸ್ ಪ್ರಾಂತ್ಯದ ಇಂಗ್ಲಿಷ್ ಕಚೇರಿ ಭಾಷೆ. ರಾಯಚೂರು, ಕೊಪ್ಪಳ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು, ಅಲ್ಲಿ ಕಚೇರಿ ಭಾಷೆ ಉರ್ದು. ಈಗಿನ ತಹಶೀಲ್ದಾರ್ ಕಚೇರಿಯಲ್ಲಿ ಎರಡೂ ಕಡೆಯ ಪದಗಳು ಒಂದೇ ಫೈಲಿನಲ್ಲಿ ಕೂತಿವೆ.

ಕರೆಂಟಿಗೂ ಹೊರೆಗೂ ಏನು ಸಂಬಂಧ ಎಂದು ತರಗತಿಯಲ್ಲಿ ಯಾವಾಗಲೂ ಕೇಳುತ್ತಾರೆ. ಮಧ್ಯೆ ಒಂದು ಮೆಟ್ಟಿಲಿದೆ: ಬಂದೂಕು. ಬಂದೂಕಿಗೆ ಮದ್ದು ತುಂಬುವುದಕ್ಕೂ ‘ಚಾರ್ಜ್’ ಅನ್ನುತ್ತಿದ್ದರು. 1740ರ ದಶಕದಲ್ಲಿ ಯುರೋಪಿನಲ್ಲಿ ಲೈಡನ್ ಜಾರ್ ಅನ್ನುವ ಗಾಜಿನ ಪಾತ್ರೆಯಲ್ಲಿ ವಿದ್ಯುತ್ ತುಂಬಿಡಲು ಕಲಿತರು. ತುಂಬುವ ಆ ಕೆಲಸಕ್ಕೂ ಅದೇ ಪದ ಬಂತು. ಬೆಂಜಮಿನ್ ಫ್ರಾಂಕ್ಲಿನ್ ಅಂಥ ಜಾರುಗಳನ್ನು ಸಾಲಾಗಿ ಜೋಡಿಸಿ ಅದನ್ನು ‘ಬ್ಯಾಟರಿ’ ಎಂದು ಕರೆದ, ಅದೂ ತೋಪುಗಳ ಸಾಲಿಗೆ ಇದ್ದ ಹೆಸರು. ಇವತ್ತು ಫೋನ್ ಚಾರ್ಜಿಗೆ ಹಾಕುವಾಗ ನಾವು ಆಡುವ ‘ಚಾರ್ಜ್’, ‘ಬ್ಯಾಟರಿ’ ಎರಡೂ ಪದ ಯುದ್ಧದ ದಾರಿಯಲ್ಲಿ ಬಂದವು. ಹಟ್ಟಿ ಚಿನ್ನದ ಗಣಿಯಲ್ಲಾಗಲಿ ಸಂಡೂರಿನ ಅದಿರು ಗಣಿಗಳಲ್ಲಾಗಲಿ ಬಂಡೆಗೆ ರಂಧ್ರ ಕೊರೆದು ಸಿಡಿಮದ್ದು ತುಂಬುವುದಕ್ಕೆ ಈಗಲೂ ‘ಚಾರ್ಜಿಂಗ್’ ಅನ್ನುತ್ತಾರೆ.

ನಿಮ್ಮ ಕಾರ್ಖಾನೆಯೊಳಗೇ ಇನ್ನೂ ಎರಡು ಅರ್ಥ ಓಡಾಡುತ್ತಿವೆ. ಕುಲುಮೆಯ ಕಡೆಯವರಿಗೆ ‘ಚಾರ್ಜ್’ ಅಂದರೆ ಒಳಗೆ ಹಾಕುವ ಮಾಲು. ಬ್ಲಾಸ್ಟ್ ಫರ್ನೇಸ್ ಆದರೆ ಮೇಲಿನಿಂದ ಸುರಿಯುವ ಅದಿರು, ಕೋಕ್, ಸುಣ್ಣದ ಕಲ್ಲು. ಇಂಡಕ್ಷನ್ ಫರ್ನೇಸ್ ಆದರೆ ಸ್ಪಾಂಜ್ ಐರನ್ ಮತ್ತು ಗುಜರಿ ಕಬ್ಬಿಣ. ‘ಚಾರ್ಜ್ ವೇಟ್’ ಎಂದು ರಿಜಿಸ್ಟರಿನಲ್ಲಿ ಕಂಡರೆ ಅದು ದುಡ್ಡಿನ ಲೆಕ್ಕವಲ್ಲ, ಮಾಲಿನ ತೂಕ.

ಎರಡನೆಯದು ಎಲೆಕ್ಟ್ರಿಕಲ್ ವಿಭಾಗದ್ದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಜೀವದ ಪ್ರಶ್ನೆ. ನಮ್ಮ ಜೆಸ್ಕಾಂ ಲೈನ್‌ಮನ್‌ಗಳು ‘ಲೈನ್ ಚಾರ್ಜ್ ಆಗಿದೆ’ ಅಂದರೆ ಅದರಲ್ಲಿ ಕರೆಂಟ್ ಹರಿಸಿದ್ದಾರೆ, ಮುಟ್ಟಿದರೆ ಹೋದಿರಿ ಎಂದರ್ಥ. ಭಾರತದ ವಿದ್ಯುತ್ ಇಲಾಖೆಗಳಲ್ಲಿ, ಕಾರ್ಖಾನೆಗಳಲ್ಲಿ ಈ ಬಳಕೆ ಮಾಮೂಲು. ಹೊರದೇಶದ ಎಂಜಿನಿಯರುಗಳು ಇದಕ್ಕೆ ‘ಲೈವ್’ ಅಥವಾ ‘ಎನರ್ಜೈಸ್ಡ್’ ಎಂದು ಹೇಳುತ್ತಾರೆ. ಕೆಪಾಸಿಟರ್ ವಿಷಯದಲ್ಲಿ ‘ಚಾರ್ಜ್ಡ್’ ಅಂದರೆ ಮತ್ತೂ ಬೇರೆ: ಮೇನ್ ಸ್ವಿಚ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ತುಂಬಿಕೊಂಡೇ ಇರುತ್ತದೆ. ಅದನ್ನು ಡಿಸ್ಚಾರ್ಜ್ ಮಾಡಿ, ಅಂದರೆ ಖಾಲಿ ಮಾಡಿ, ಭೂಮಿಗೆ ಜೋಡಿಸಿ ‘ಅರ್ಥಿಂಗ್’ ಕೊಟ್ಟ ಮೇಲೆಯೇ ಕೈ ಹಾಕಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ‘ಚಾರ್ಜ್’ ಅನ್ನುವುದನ್ನು ಮೊಬೈಲ್ ಚಾರ್ಜಿನ ಹಾಗೆ ತಿಳಿದರೆ ಏನಾಗಬಹುದು ಯೋಚಿಸಿ. ನಿಮ್ಮ ಸ್ಟೋರ್ಸಿನಿಂದ ಬೋರ್ಡು ಬರೆಸುವ ಕೆಲಸ ಬಂದರೆ ‘ಚಾರ್ಜ್ಡ್’ ಒಂದನ್ನೇ ನಂಬಬೇಡಿ. ‘ಕರೆಂಟ್ ಇದೆ, ಮುಟ್ಟಬೇಡಿ’ ಎಂದು ಕನ್ನಡದಲ್ಲಿ, ಹಿಂದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ.

‘ಚಾರ್ಜ್’ಗೆ ಮೈಮೇಲೆ ಏರಿ ಹೋಗುವ ಅರ್ಥವೂ ಇದೆ. ದರೋಜಿ ಕರಡಿಧಾಮದ ಸುತ್ತಿನ ಹೊಲಗಳಲ್ಲಿ ಕರಡಿ ಮೈಮೇಲೆ ನುಗ್ಗಿದರೆ ಇಂಗ್ಲಿಷಿನಲ್ಲಿ ‘ದ ಬೇರ್ ಚಾರ್ಜ್ಡ್ ಆಟ್ ಹಿಮ್’. ಲಾಠಿ ಚಾರ್ಜಿನ ‘ಚಾರ್ಜ್’ ಇದೇ. ಆ ಜೋಡಿಪದ ಭಾರತದ ಇಂಗ್ಲಿಷಿನದು, ಬ್ರಿಟನ್ನಿನಲ್ಲಿ ‘ಬ್ಯಾಟನ್ ಚಾರ್ಜ್’ ಅನ್ನುತ್ತಾರೆ.

ಪೊಲೀಸ್ ಪದಗಳಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ‘ಚಾರ್ಜ್‌ಶೀಟ್ ಹಾಕಿದರು’ ಅಂದ ಕೂಡಲೇ ಅಪರಾಧ ಸಾಬೀತಾಯಿತು ಎಂದು ಊರಲ್ಲಿ ಮಾತಾಡುತ್ತಾರೆ. ಚಾರ್ಜ್‌ಶೀಟ್ ಪೊಲೀಸರು ತನಿಖೆ ಮುಗಿಸಿ ಕೋರ್ಟಿಗೆ ಕೊಡುವ ವರದಿ. ಇದಕ್ಕೆ ಆಧಾರ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 173ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ. ಅದಾದ ಮೇಲೆ ‘ಚಾರ್ಜ್ ಫ್ರೇಮ್’ ಮಾಡುವುದು, ಅಂದರೆ ಆರೋಪ ನಿಗದಿ ಮಾಡುವುದು, ನ್ಯಾಯಾಧೀಶರ ಕೆಲಸ. ವಿಚಾರಣೆ ಆಮೇಲೆ ನಡೆಯುತ್ತದೆ. ತೀರ್ಪು ಇನ್ನೂ ಮುಂದೆ.

ನಮ್ಮ ದಿನಬಳಕೆಯ ‘ಚಾರ್ಜ್’ ಎಲ್ಲ ತಪ್ಪೇ ಎಂದು ಕೇಳಿದ್ದೀರಿ. ಕನ್ನಡ ಮಾತಾಡುವಾಗ ಯಾವುದೂ ತಪ್ಪಲ್ಲ. ‘ಬಸ್ ಚಾರ್ಜ್ ಎಷ್ಟು?’ ಅನ್ನೋದು ಒಳ್ಳೆಯ ಕನ್ನಡ. ಅದನ್ನು ಹಾಗೇ ಎತ್ತಿ ಇಂಗ್ಲಿಷ್ ವಾಕ್ಯದಲ್ಲಿ ಇಟ್ಟಾಗ ತೊಡಕು. ಬಸ್ಸು, ರೈಲು, ಆಟೋಗೆ ಕೊಡುವುದು ‘ಫೇರ್’. ಡಾಕ್ಟರಿಗೆ, ವಕೀಲರಿಗೆ, ಕಾಲೇಜಿಗೆ ಕಟ್ಟುವುದು ‘ಫೀ’. ಹೆದ್ದಾರಿಯಲ್ಲಿ ‘ಟೋಲ್’. ತಪ್ಪಿಗೆ ‘ಫೈನ್’. ಮನೆ ಬಾಡಿಗೆ ‘ರೆಂಟ್’, ಲಾರಿಯಲ್ಲಿ ಮಾಲು ಸಾಗಿಸಿದ್ದಕ್ಕೆ ‘ಫ್ರೇಟ್’. ಅಂಗಡಿಯ ಸಾಮಾನಿಗೆ ‘ಪ್ರೈಸ್’. ‘ಚಾರ್ಜ್’ ಹೆಚ್ಚಾಗಿ ಸೇವೆಗೆ ಹಾಕುವ ದುಡ್ಡು: ರಿಪೇರಿ, ಕೊರಿಯರ್, ಬ್ಯಾಂಕ್ ಕೆಲಸ, ಹಮಾಲಿ. ಜೆಸ್ಕಾಂ ಬಿಲ್ಲಿನ ‘ಫಿಕ್ಸ್ಡ್ ಚಾರ್ಜಸ್’ ಕೂಡ ಅಂಥದ್ದೇ, ಅದು ನೀವು ಎಷ್ಟು ಯೂನಿಟ್ ಉರಿಸಿದಿರಿ ಅನ್ನೋದಕ್ಕಲ್ಲ, ನೀವು ಪಡೆದ ಲೋಡಿಗೆ ಹಾಕುವ ದುಡ್ಡು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ‘ಫ್ರೀ ಆಫ್ ಚಾರ್ಜ್’ ಓಡಾಡುತ್ತಿದ್ದಾರೆ. ಈ ಜೋಡಿಯಲ್ಲಿ ಮಾತ್ರ ಬಸ್ಸಿಗೂ ‘ಚಾರ್ಜ್’ ಸರಿ, ಯಾಕೆಂದರೆ ‘ದುಡ್ಡಿಲ್ಲದೆ’ ಅನ್ನುವುದಕ್ಕೆ ಅದು ಎಲ್ಲ ಕಡೆ ನಡೆಯುವ ಮಾತು.

‘ಮೊಬೈಲಲ್ಲಿ ಚಾರ್ಜ್ ಇಲ್ಲ’ ಅನ್ನೋದನ್ನು ‘ಮೈ ಮೊಬೈಲ್ ಹ್ಯಾಸ್ ನೋ ಚಾರ್ಜ್’ ಎಂದರೆ ನಮ್ಮವರಿಗೆ ತಿಳಿಯುತ್ತದೆ. ‘ಮೈ ಬ್ಯಾಟರಿ ಈಸ್ ಲೋ’ ಅಥವಾ ‘ಮೈ ಫೋನ್ ಈಸ್ ಡೆಡ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

‘ಡಿಸ್ಚಾರ್ಜ್’ ಕೂಡ ಇದೇ ಪದದ ಇನ್ನೊಂದು ಮುಖ: ಹೊರೆ ಇಳಿಸುವುದು. ಆಸ್ಪತ್ರೆಯಿಂದ ಮನೆಗೆ ಕಳಿಸಿದರೆ ಡಿಸ್ಚಾರ್ಜ್. ಬ್ಯಾಟರಿ ಖಾಲಿಯಾದರೆ ಡಿಸ್ಚಾರ್ಜ್. ತುಂಗಭದ್ರಾ ಜಲಾಶಯದಿಂದ ನದಿಗೆ ನೀರು ಬಿಟ್ಟರೆ ಅದೂ ಡಿಸ್ಚಾರ್ಜ್. 2024ರ ಆಗಸ್ಟಿನಲ್ಲಿ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ ಎಷ್ಟು ಕ್ಯೂಸೆಕ್ ಡಿಸ್ಚಾರ್ಜ್ ಎಂದು ಕೊಪ್ಪಳ, ಗಂಗಾವತಿ ಕಡೆಯ ರೈತರೆಲ್ಲ ಕೇಳುತ್ತಿದ್ದರು. ಆದರೆ ಡಾಕ್ಟರು ‘ಎನಿ ಡಿಸ್ಚಾರ್ಜ್?’ ಎಂದು ಕೇಳಿದರೆ ಮನೆಗೆ ಹೋಗುವ ಮಾತಲ್ಲ. ಗಾಯದಿಂದ, ಕಿವಿಯಿಂದ ಕೀವು ಅಥವಾ ನೀರು ಬರುತ್ತಿದೆಯೇ ಎಂದು ಕೇಳುತ್ತಿದ್ದಾರೆ. ಹೆಣ್ಣುಮಕ್ಕಳಿಗೆ ಕೇಳಿದರೆ ಬಿಳಿಸೆರಗಿನ ವಿಷಯ. ಅರ್ಥವಾಗದೆ ‘ಇಲ್ಲ ಸರ್’ ಎಂದುಬಿಡುವವರು ಇದ್ದಾರೆ, ಅದರಿಂದ ರೋಗ ತಡವಾಗಿ ಗೊತ್ತಾಗುತ್ತದೆ. ಮನೆಯ ಹಿರಿಯರ ಜೊತೆ ಆಸ್ಪತ್ರೆಗೆ ಹೋದಾಗ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ.

ಇನ್ನು ನಿಮ್ಮ ‘ಇನ್ ದ ಚಾರ್ಜ್ ಆಫ್’. ‘ಐ ಆಮ್ ಇನ್ ಚಾರ್ಜ್ ಆಫ್ ದ ಸ್ಟೋರ್ಸ್’ ಅಂದರೆ ಸ್ಟೋರ್ಸಿನ ಹೊಣೆ ನನ್ನದು. ನಡುವೆ ‘ದ’ ಸೇರಿಸಿದರೆ ದಿಕ್ಕು ತಿರುಗುತ್ತದೆ. ‘ದ ಸ್ಟೋರ್ಸ್ ಆರ್ ಇನ್ ದ ಚಾರ್ಜ್ ಆಫ್ ದ ಮ್ಯಾನೇಜರ್’ ಅಂದರೆ ಸ್ಟೋರ್ಸ್ ಮ್ಯಾನೇಜರರ ಸುಪರ್ದಿನಲ್ಲಿದೆ. ನೀವು ಬರೆದ ವಾಕ್ಯದ ಪ್ರಕಾರ ಸ್ಟೋರ್ಸೇ ನಿಮ್ಮನ್ನು ನೋಡಿಕೊಳ್ಳುತ್ತಿದೆ. ಮ್ಯಾನೇಜರ್ ತಿದ್ದಿದ್ದು ಸರಿ.

ಹಾಗಾದರೆ ಕಲಿಯೋದು ಹೇಗೆ? ಡಿಕ್ಷನರಿಯ ಪಟ್ಟಿಯನ್ನು ಉರು ಹೊಡೆಯುವುದು ಬೇಡ. ಅರ್ಥ ನೆನಪಿರುತ್ತದೆ, ವಾಕ್ಯ ಬರುವುದಿಲ್ಲ. ನಿಮ್ಮ ಮೇಲಿನಲ್ಲಿ ಆದದ್ದೂ ಅದೇ ಅಲ್ವಾ? ದುಡ್ಡು ಅನ್ನುವ ಅರ್ಥ ನಿಮಗೆ ಗೊತ್ತಿತ್ತು.

ಫೋನಿನ ಅನುವಾದ ಆ್ಯಪ್ ಬಳಸಿ, ಆದರೆ ಒಂಟಿ ಪದ ಕೊಡಬೇಡಿ. ‘ಚಾರ್ಜ್’ ಎಂದಷ್ಟೇ ಹಾಕಿದರೆ ಅದು ಶುಲ್ಕವನ್ನೋ ಆರೋಪವನ್ನೋ ಒಂದನ್ನು ಎತ್ತಿ ಕೊಡುತ್ತದೆ. ಪೂರ್ತಿ ವಾಕ್ಯ ಕೊಡಿ. ಬಂದ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿ. ಆ ಮೇಲನ್ನು ಕಳಿಸುವ ಮುಂಚೆ ಹೀಗೆ ತಿರುಗಿಸಿದ್ದರೆ ‘ಆರೋಪ’ ಎಂದು ಬರುವ ಸಾಧ್ಯತೆ ಇತ್ತು, ನೀವು ಎಚ್ಚರಾಗುತ್ತಿದ್ದಿರಿ. ಆದರೂ ಆ್ಯಪಿಗೆ ನಿಮ್ಮ ಲಾರಿ, ನಿಮ್ಮ ಬಿಲ್ಲು ಗೊತ್ತಿಲ್ಲ. ದುಡ್ಡು, ಕೋರ್ಟು, ಜಮೀನಿನ ಕಾಗದ ಆದರೆ ತಿಳಿದವರೊಬ್ಬರ ಕಣ್ಣಿಗೆ ಬೀಳಲೇಬೇಕು.

ನಾನು ಹೆಚ್ಚು ಭರವಸೆ ಇಡುವುದು ಲರ್ನರ್ಸ್ ಡಿಕ್ಷನರಿಯಲ್ಲಿ. ಇಂಗ್ಲಿಷ್ ಮನೆಮಾತಲ್ಲದವರಿಗೆಂದೇ ಮಾಡಿದ ನಿಘಂಟು ಅದು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡರದ್ದೂ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ‘ಚಾರ್ಜ್ ಸಂಬಡಿ ವಿತ್ ಸಂಥಿಂಗ್’ ಎಂದು ವಾಕ್ಯದ ಅಚ್ಚನ್ನೇ ಕೊಟ್ಟು, ಕೆಳಗೆ ಉದಾಹರಣೆ ಹಾಕಿರುತ್ತಾರೆ. ಮೊದಮೊದಲು ನಿಧಾನ, ಇಂಗ್ಲಿಷಿನಲ್ಲೇ ವಿವರಣೆ ಇರುತ್ತದೆ. ಅರ್ಥ ಬಿಟ್ಟು ಬರೀ ಉದಾಹರಣೆಗಳನ್ನು ಓದಿದರೂ ಸಾಕು.

ಅದರ ಜೊತೆ ಒಂದು ನೋಟ್‌ಬುಕ್ ಇಡಿ. ನಿಮ್ಮ ಆಫೀಸಿಗೆ ಬರುವ ಒಳ್ಳೆಯ ಮೇಲುಗಳಲ್ಲಿ ‘ಚಾರ್ಜ್’ ಕಂಡಾಗಲೆಲ್ಲ ಆ ಇಡೀ ವಾಕ್ಯವನ್ನು ಬರೆದುಕೊಳ್ಳಿ, ಜೊತೆಯ ಪುಟ್ಟ ಪದಕ್ಕೆ ಗೆರೆ ಎಳೆಯಿರಿ. ‘ದೇ ಚಾರ್ಜ್ಡ್ ಅಸ್ ಫೈವ್ ಹಂಡ್ರೆಡ್ ರುಪೀಸ್ ಫಾರ್ ದ ರಿಪೇರ್’: ಇಲ್ಲಿ ಮನುಷ್ಯನನ್ನು ಹೇಳುವ ಪದದ ನಂತರ ನೇರವಾಗಿ ಮೊತ್ತ ಬಂದಿದೆ, ಯಾವುದಕ್ಕೆ ಅನ್ನುವಲ್ಲಿ ‘ಫಾರ್’. ‘ಪ್ಲೀಸ್ ಚಾರ್ಜ್ ದಿಸ್ ಟು ಅವರ್ ಅಕೌಂಟ್’: ಯಾರ ಲೆಕ್ಕಕ್ಕೆ ಅನ್ನುವಲ್ಲಿ ‘ಟು’. ‘ಶಿ ವಾಸ್ ಚಾರ್ಜ್ಡ್ ವಿತ್ ಚೆಕಿಂಗ್ ದ ಸ್ಟಾಕ್’: ಇಲ್ಲಿ ‘ವಿತ್’ ಇದ್ದರೂ ಅಪರಾಧವಲ್ಲ, ಸ್ಟಾಕ್ ನೋಡುವ ಹೊಣೆ ಒಪ್ಪಿಸಿದರು ಎಂದು. ಮುಂದೆ ಬರುವುದು ಕೆಲಸವೋ ಕೆಟ್ಟ ಕೆಲಸವೋ ಎಂದು ನೋಡಿ ತಿಳಿಯಬೇಕು. ಸ್ಟೋರ್ಸಿಗೆ, ಬಿಲ್ಲಿಂಗಿಗೆ ಬೇಕಾಗುವ ವಾಕ್ಯಗಳು ಬಹಳ ಇರುವುದಿಲ್ಲ, ಅವೇ ತಿರುಗಿ ತಿರುಗಿ ಬರುತ್ತವೆ.

ಅನುಮಾನ ಇದ್ದಾಗ ಪದವನ್ನೇ ಬಿಟ್ಟುಬಿಡುವುದೂ ಒಂದು ದಾರಿ. ದುಡ್ಡಿಗೆ ‘ಬಿಲ್’ ಅಥವಾ ‘ಡಿಡಕ್ಟ್’, ಹೊಣೆಗೆ ‘ರೆಸ್ಪಾನ್ಸಿಬಲ್ ಫಾರ್’. ಹಣದ ವ್ಯವಹಾರದ ಮೇಲುಗಳಲ್ಲಿ ನಾನು ಇದನ್ನೇ ಹೇಳಿಕೊಡುತ್ತೇನೆ. ಆದರೆ ಬರೆಯುವಾಗ ತಪ್ಪಿಸಿಕೊಂಡರೂ ಓದುವಾಗ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಎದುರಿನವರು ಆ ಪದ ಬರೆದೇ ಬರೆಯುತ್ತಾರೆ. ಅದಕ್ಕೇ ನೋಟ್‌ಬುಕ್ ಬೇಕು.

ಮೂರು ತಿಂಗಳ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಒಂದು ದಿನ ಸುಮ್ನೆ ಹೋಗಿ ಕೂತು ನೋಡಿ. ಅಲ್ಲಿ ನೀವು ಎಷ್ಟು ಹೊತ್ತು ಮಾತಾಡಿದಿರಿ, ಮಾಸ್ತರು ಎಷ್ಟು ಹೊತ್ತು ಮಾತಾಡಿದರು ಗಮನಿಸಿ. ನಿಮ್ಮ ಆಫೀಸಿನ ಮೇಲನ್ನು ತೋರಿಸಿದರೆ ಕೂತು ತಿದ್ದುತ್ತಾರೆಯೇ ಕೇಳಿ. ತಿದ್ದುವುದಾದರೆ ಸೇರಿ. ಬರೀ ವ್ಯಾಕರಣದ ನೋಟ್ಸ್ ಬರೆಸುವುದಾದರೆ ಆ ದುಡ್ಡು ಉಳಿಸಿ. ಮಾತಿನ ಹಿಂಜರಿಕೆ ಬಿಡಿಸಲು ತರಗತಿ ನೆರವಾಗುತ್ತದೆ. ನಿಮಗೆ ತೊಂದರೆ ಆಗುತ್ತಿರುವುದು ಬರವಣಿಗೆಯಲ್ಲಿ. ನಿಮ್ಮ ಮ್ಯಾನೇಜರ್ ತಿದ್ದುವ ಸ್ವಭಾವದವರು ಎಂದು ಕಾಣುತ್ತದೆ. ಮುಖ್ಯವಾದ ಮೇಲನ್ನು ಕಳಿಸುವ ಮುಂಚೆ ಅವರಿಗೆ ತೋರಿಸುವ ಅಭ್ಯಾಸ ಮಾಡಿಕೊಂಡರೆ ಅದಕ್ಕಿಂತ ಒಳ್ಳೆಯ ಕೋರ್ಸ್ ನಿಮಗೆ ಸಿಗುವುದು ಕಷ್ಟ.

ರೆಸ್ಯೂಮಿನ ವಿಷಯ. ‘ಸ್ಟೋರ್ಸ್ ಇನ್‌ಚಾರ್ಜ್’ ಭಾರತದಲ್ಲಿ ಎಲ್ಲ ಕಂಪನಿಗಳಿಗೂ ಗೊತ್ತಿರುವ ಹುದ್ದೆಯ ಹೆಸರು, ಧೈರ್ಯವಾಗಿ ಹಾಕಿ. ಗಲ್ಫ್‌ನಲ್ಲೂ ಭಾರತೀಯರು ನಡೆಸುವ ಕಂಪನಿಗಳಲ್ಲಿ ನಡೆಯುತ್ತದೆ. ಬೇರೆ ದೇಶದವರಿಗೆ ಕಳಿಸುವಾಗ ಹೆಸರಿನ ಕೆಳಗೆ ‘ಇನ್ ಚಾರ್ಜ್ ಆಫ್ ಸ್ಟೋರ್ಸ್ ಆ್ಯಂಡ್ ಬಿಲ್ಲಿಂಗ್’ ಎಂದು ಬಿಡಿಸಿ ಬರೆಯಿರಿ, ‘ದ’ ಬೇಡ. ಆಮೇಲೆ ಏನೇನು ನೋಡಿಕೊಳ್ಳುತ್ತೀರಿ ಅನ್ನೋದನ್ನು ಸೇರಿಸಿ: ಎಷ್ಟು ಬಗೆಯ ಸಾಮಾನು, ದಿನಕ್ಕೆ ಎಷ್ಟು ಲಾರಿ, ಯಾವ ಸಾಫ್ಟ್‌ವೇರ್. ನಿಮ್ಮ ಕೈಕೆಳಗೆ ಯಾರಾದರೂ ಕೆಲಸ ಮಾಡುತ್ತಿದ್ದರೆ ಅದನ್ನೂ ಬರೆಯಿರಿ. ಈಗಿನ ನೇಮಕಾತಿ ಪತ್ರದಲ್ಲಿ ಹುದ್ದೆಯ ಹೆಸರು ‘ಸ್ಟೋರ್ಸ್ ಅಸಿಸ್ಟೆಂಟ್’ ಎಂದೇನಾದರೂ ಇದ್ದರೆ ಮಾತ್ರ ರೆಸ್ಯೂಮಿನಲ್ಲಿ ‘ಇನ್‌ಚಾರ್ಜ್’ ಹಾಕಬೇಡಿ. ಹೊಸ ಕಂಪನಿಯವರು ಹಳೆಯ ಕಡೆ ಫೋನ್ ಮಾಡಿ ವಿಚಾರಿಸುತ್ತಾರೆ.